ಇಲ್ಲದ ತೆರಿಗೆಗೆ ಕೊಟ್ಟ ಮನೆ

ನಮ್ಮ ಅಪ್ಪ ಪೊಲೀಸರಿಗೆ ಹೆದರಿದವನಲ್ಲ, ಮಾರ್ಕೆಟ್ ಯಾರ್ಡಿನ ಹಮಾಲರ ಮುಷ್ಕರಕ್ಕೆ ಹೆದರಿದವನಲ್ಲ, ಸಾವಿಗೂ ಅಂಥಾ ಏನು ಹೆದರಿದವನಲ್ಲ. ಜೀವಮಾನದಲ್ಲಿ ಅವನು ಹೆದರಿದ್ದು ಒಂದಕ್ಕೇ. ಸತ್ತವರ ಆಸ್ತಿಯ ಮೇಲೆ ಸರ್ಕಾರ ಒಂದು ತೆರಿಗೆ ಹಾಕುತ್ತಿತ್ತಲ್ಲ, ಎಸ್ಟೇಟ್ ಡ್ಯೂಟಿ ಅಂತ, ಅದಕ್ಕೆ. ನಮ್ಮ ಕಡೆ ತೆರಿಗೆಗೆ ಪಟ್ಟಿ ಅನ್ನುತ್ತಾರೆ; ನಮ್ಮ ಮನೆಯಲ್ಲಿ ಇದಕ್ಕೆ ‘ಹೆಣದ ಪಟ್ಟಿ’ ಅಂತ ಹೆಸರು. ಸರ್ಕಾರ ಅದನ್ನು ಎಂಬತ್ತೈದರಲ್ಲಿ ರದ್ದು ಮಾಡಿತು. ಅಪ್ಪ ಸತ್ತದ್ದು ತೊಂಬತ್ತಾರರಲ್ಲಿ. ಆದರೂ ನಮ್ಮ ಮನೆ ಹೋದದ್ದು ಆ ತೆರಿಗೆಯಿಂದಲೇ. ಹೇಗೆ ಅಂತ ಕೇಳಿದವರಿಗೆ ನಾನು ಇಷ್ಟು ವರ್ಷ ನೆಟ್ಟಗೆ ಹೇಳಿಲ್ಲ. ಹೇಳಲು ಹೋದರೆ ಸಿಟ್ಟು ಬಂದು ಮಾತು ತಪ್ಪುತ್ತದೆ. ಈಗ ಬರೆಯಲು ಕೂತಿದ್ದೇನೆ, ಹಾಗಂತ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡಿ.

ಅಪ್ಪನ ಹೆದರಿಕೆಗೆ ಕಾರಣ ಇತ್ತು, ಅದನ್ನು ಇಲ್ಲ ಅನ್ನಲಾರೆ. ಅವನ ಅಣ್ಣ, ನಮ್ಮ ದೊಡ್ಡಪ್ಪ, ಗದಗಿನ ಕಡೆಯಿಂದ ಪುಣೆಗೆ ಮೊದಲು ಬಂದು ಮೆಣಸಿನಕಾಯಿಯ ಅಡತಿ ಅಂಗಡಿ ಇಟ್ಟವನು. ರೈತರ ಮಾಲು ಮಾರಿಸಿಕೊಟ್ಟು ದಲಾಲಿ ತೆಗೆದುಕೊಳ್ಳುವ ವ್ಯಾಪಾರ. ಅಪ್ಪನೂ ಅವನ ಹಿಂದೆಯೇ ಬಂದು ಅದೇ ವ್ಯಾಪಾರದ ಸ್ವಂತ ಅಂಗಡಿ ಇಟ್ಟಿದ್ದ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಅವನು ಅಂಗಡಿಯ ಗಾದಿಯ ಮೇಲೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ತಿಥಿ ಊಟದ ಎಂಜಲೆಲೆ ಎತ್ತುವುದರೊಳಗೆ ಆಸ್ತಿ ಲೆಕ್ಕ ಹಾಕುವವರು ಬಂದರು ಅಂತ ಅಪ್ಪ ಹೇಳುತ್ತಿದ್ದ. ಮನೆಗೆ ಎಷ್ಟು ಬೆಲೆ, ಗೋದಾಮಿನಲ್ಲಿ ಚೀಲ ಎಷ್ಟು, ಹೆಂಡತಿಯ ಕೈಯಲ್ಲಿರುವ ಬಂಗಾರದ ಪಾಟಲಿ ಯಾರ ದುಡ್ಡಿನವು, ಎಲ್ಲ ಕೇಳಿದರಂತೆ. ಕಡೆಗೆ ತೆರಿಗೆ ಕಟ್ಟಲು ದೊಡ್ಡವ್ವ ಮನೆ ಮಾರಿ ತವರಿಗೆ ಹೋದಳು. ಆಮೇಲೆ ಅವಳು ಪುಣೆಗೆ ಒಮ್ಮೆಯೂ ಬರಲಿಲ್ಲ.

“ಯಮ ಒಂದ ಸಲಾ ಬರ್ತಾನ, ಹೆಣದ ಪಟ್ಟಿಯವ್ರು ಮ್ಯಾಲಿಂದ ಮ್ಯಾಲ ಬರ್ತಾರ,” ಅಂತ ಅಪ್ಪ ಬಂದವರೆದುರಿಗೆಲ್ಲ ಹೇಳುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ಆದರೆ ಹೇಳಿದ ಮೇಲೆ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬರುತ್ತಿದ್ದ.

ಮಾರ್ಕೆಟ್ಟಿನ ಚಹಾದಂಗಡಿ ಮುಂದೆ ಕೂತವರೆಲ್ಲ ಅರ್ಧ ವಕೀಲರು. ಅಲ್ಲಿ ಯಾರೋ ಅಪ್ಪನ ಕಿವಿಗೆ ಹಾಕಿದರು: ಧರ್ಮಕ್ಕೆ ಬರೆದಿಟ್ಟ ಆಸ್ತಿಯನ್ನು ಸತ್ತವನ ಆಸ್ತಿಯಲ್ಲಿ ಹಿಡಿಯುವುದಿಲ್ಲ. ಈ ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಆಸ್ತಿ ಹೆಚ್ಚಿದ್ದಷ್ಟೂ ದರ ಹೆಚ್ಚು. ಒಂದು ದೊಡ್ಡ ತುಂಡನ್ನು ಧರ್ಮಕ್ಕೆ ಕೊಟ್ಟುಬಿಟ್ಟರೆ ಮೇಲಿನ ಮೆಟ್ಟಿಲು ತಪ್ಪುತ್ತದೆ, ಉಳಿದದ್ದು ಮಕ್ಕಳಿಗೆ ಹಗುರಾಗಿ ದಕ್ಕುತ್ತದೆ. ಪುಣ್ಯಕ್ಕೆ ಪುಣ್ಯ, ಉಳಿತಾಯಕ್ಕೆ ಉಳಿತಾಯ. ವ್ಯಾಪಾರಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೇನು ಬೇಕು?

ಆ ಹೊತ್ತಿಗೆ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಾಗಿತ್ತು, ನನಗೂ ಗಂಡು ಗೊತ್ತಾಗಿತ್ತು. ಅಪ್ಪ ಒಂದು ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದ. ಅಂಗಡಿ ನಮ್ಮಿಬ್ಬರು ಹೆಣ್ಣುಮಕ್ಕಳಿಗೆ. ನಾವಿದ್ದ ಭವಾನಿ ಪೇಠದ ಮನೆ ನಮ್ಮ ಸಮಾಜದ ಟ್ರಸ್ಟಿಗೆ; ಅಲ್ಲಿ ಊರ ಕಡೆಯಿಂದ ಓದಲು ಬರುವವರಿಗೆ ಅವ್ವನ ಹೆಸರಿನಲ್ಲಿ ವಿದ್ಯಾರ್ಥಿ ನಿಲಯ ಆಗಬೇಕು. “ನಿಮಗ ಗಂಡನ ಮನಿ ಅದಾವು. ನಿಮ್ಮ ಅವ್ವಗ ಏನದ?” ಅಂದ. ನಾನೂ ಅಕ್ಕನೂ ಆಗ ಅತ್ತೆವು, ಖುಷಿಯಿಂದಲೇ ಅತ್ತೆವು. ಅವ್ವನ ಹೆಸರು ಕಲ್ಲಿನ ಮೇಲೆ ಕೂರುತ್ತದಲ್ಲ ಅಂತ.

ಬರೆಸಿ ಅಷ್ಟಕ್ಕೇ ಬಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಉಯಿಲು ಅಂದರೆ ಏನು, ಬದುಕಿರುವ ತನಕ ಹರಿದು ಬೇರೆ ಬರೆಯಬಹುದು. ಆದರೆ ಅಪ್ಪನಿಗೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ಟ್ರಸ್ಟಿನ ಹಿರಿಯರನ್ನು ಮನೆಗೆ ಕರೆಸಿ, ಊಟ ಹಾಕಿ, ಬಿಲ್ವಪತ್ರೆ ಇಟ್ಟುಕೊಂಡು ಅಧ್ಯಕ್ಷರ ಅಂಗೈಗೆ ನೀರು ಬಿಟ್ಟ. ಧಾರೆ ಎರೆದುಬಿಟ್ಟ, ಮಗಳನ್ನು ಕೊಡುವ ಹಾಗೆ. ಇದೆಲ್ಲ ಕಾನೂನಿಗೆ ಬೇಕಿಲ್ಲ ಅಂತ ಉಯಿಲು ಬರೆದ ವಕೀಲರು ಹೇಳಿದ್ದರಂತೆ. “ಕಾನೂನಿಗೆ ಬ್ಯಾಡ್ರಿ, ನನಗ ಬೇಕು,” ಅಂದನಂತೆ.

ಅವನ ಅಂಗಡಿಯ ರೀತಿಯೇ ಹಾಗಿತ್ತು. ಪ್ರತಿ ವ್ಯಾಪಾರದಲ್ಲೂ ಒಂದಿಷ್ಟು ಧರ್ಮದ ಪಾಲು ಅಂತ ತೆಗೆದು ಹಿತ್ತಾಳೆಯ ಡಬ್ಬಿಗೆ ಹಾಕುವುದು ಅಡತಿಯವರಲ್ಲಿ ಹಳೆಯ ಪದ್ಧತಿ. ಒಮ್ಮೆ ಹಬ್ಬದ ಹಿಂದಿನ ದಿನ ಹಮಾಲರಿಗೆ ಕೊಡಲು ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿರಲಿಲ್ಲ. ಧರ್ಮದ ಡಬ್ಬಿ ತುಂಬಿ ಕೂತಿತ್ತು. ಅಪ್ಪ ಪಕ್ಕದ ಅಂಗಡಿಯಲ್ಲಿ ಕೈಗಡ ತಂದು ಕೊಟ್ಟನೇ ಹೊರತು ಆ ಡಬ್ಬಿ ಮುಟ್ಟಲಿಲ್ಲ. ನಾಳೆ ವಾಪಸ್ ಹಾಕಿದರಾಯಿತಲ್ಲ ಅಂತ ಗುಮಾಸ್ತ ಹೇಳಿದ್ದಕ್ಕೆ ಅವನನ್ನು ಒಂದು ವಾರ ಮಾತಾಡಿಸಲಿಲ್ಲ.

ಎಂಬತ್ತೈದರಲ್ಲಿ ತೆರಿಗೆ ರದ್ದಾದ ಸುದ್ದಿ ತಂದದ್ದು ನಮ್ಮ ಟ್ಯಾಕ್ಸಿನ ವಕೀಲರೇ. ನಾವು ಅವರಿಗೆ ಕಾಕಾ ಅನ್ನುತ್ತಿದ್ದೆವು. ಪೇಡೆ ಕಟ್ಟಿಸಿಕೊಂಡು ಬಂದಿದ್ದರು.

“ಸಾವ್ಕಾರ್ರ, ಹೆಣದ ಪಟ್ಟಿ ತಾನ ಹೆಣಾ ಆತು! ಇನ್ನ ಆ ಉಯಿಲು ಹರದು ಒಗೀರಿ. ಮನಿ ಮಕ್ಕಳಿಗೆ ಇರ್ಲಿ.”

ಅಪ್ಪ ಪೇಡೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಆಮೇಲೆ ಕೇಳಿದ: “ಎರದ ನೀರು ತಿರಿಗಿ ಗಿಂಡಿಗೆ ಬರ್ತದೇನ್ರಿ ಕಾಕಾ?”

ಅವತ್ತು ನಾನು ತವರಿಗೆ ಬಂದಿದ್ದೆ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಎಷ್ಟು ದೊಡ್ಡ ಮಾತು, ಎಂಥಾ ಅಪ್ಪ ಅಂತ ಎದೆ ಉಬ್ಬಿಸಿಕೊಂಡೆ. ನನ್ನ ಉಬ್ಬಿದ ಎದೆಗಿಷ್ಟು ಬೆಂಕಿ ಹಾಕ.

ತೊಂಬತ್ತರಲ್ಲಿ ಅಕ್ಕನ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಸೊಲ್ಲಾಪುರದ ಅತ್ತೆ ಮನೆಯವರು ಕೆಟ್ಟವರೇನಲ್ಲ. ಹೊರಗೆ ಹಾಕಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅಕ್ಕ ಒಂದು ಟ್ರಂಕು, ಒಂದು ಹಂಚು, ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆ ತಗೊಂಡು ಭವಾನಿ ಪೇಠದ ಮನೆಗೆ ಬಂದಳು. ಸುಮ್ಮನೆ ಕೂತು ಉಣ್ಣುವವಳಲ್ಲ. ಹಿತ್ತಲಲ್ಲಿ ಒಲೆ ಹಾಕಿ ಜೋಳದ ಖಡಕ್ ರೊಟ್ಟಿ ಮಾಡಲು ಶುರು ಮಾಡಿದಳು. ಪುಣೆಯಲ್ಲಿ ನಮ್ಮ ಕಡೆಯವರು ಎಷ್ಟಿದ್ದಾರೆ ಅಂತ ಗೊತ್ತಾಗುವುದು ರೊಟ್ಟಿ ಮಾರಲು ಹೋದಾಗಲೇ. ಮಾರ್ಕೆಟ್ಟಿನ ಅಂಗಡಿಯವರು, ಬ್ಯಾಂಕಿನ ಗುಮಾಸ್ತರು, ಹುಬ್ಬಳ್ಳಿ ಬಿಜಾಪುರದಿಂದ ಬಂದು ಬಾಡಿಗೆ ಖೋಲಿ ಹಿಡಿದಿದ್ದ ನೌಕರರು, ಎಲ್ಲರೂ ಕೇಳಿಕೊಂಡು ಬಂದರು. ಬೆಳಿಗ್ಗೆ ಓಣಿಗೆ ಹೊಕ್ಕರೆ ಮೊದಲು ಅಕ್ಕನ ರೊಟ್ಟಿ ಬಡಿಯುವ ಸದ್ದು, ಆಮೇಲೆ ಮನೆ. ಒಂದೆರಡು ವರ್ಷದಲ್ಲಿ ಅವಳ ಮುಖಕ್ಕೆ ಮತ್ತೆ ಬಣ್ಣ ಬಂತು. “ತಂಗಿ, ನಾ ಈ ಒಲಿ ಮುಂದನ ಸಾಯಬೇಕು ನೋಡು,” ಅಂತ ನಗುತ್ತಿದ್ದಳು.

ಆ ಒಲೆ ಇದ್ದದ್ದು ಧಾರೆ ಎರೆದ ಮನೆಯಲ್ಲಿ. ಅದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಕಾಲು ಅಷ್ಟಿಷ್ಟು ತಿರುಗಿ ಬಂತು, ಕೈ ಬರಲಿಲ್ಲ, ಮಾತು ತೊದಲತೊಡಗಿತು. ಅಂಗಡಿಯಲ್ಲಿ ಕೂರಲು ಗಂಡುಮಕ್ಕಳಿರಲಿಲ್ಲ, ದವಾಖಾನೆಯ ಖರ್ಚು, ಅಲ್ಲಿಲ್ಲಿಯ ಬಾಕಿ ಅಂತ ಒಂದು ವರ್ಷದೊಳಗೆ ಅಂಗಡಿ ಮಾರಿಹೋಯಿತು. ನೋಡಿ ನಗೆಪಾಟಲು. ಯಾವ ಅಂಗಡಿ ಉಳಿಯಲಿ ಅಂತ ಮನೆ ಕೊಟ್ಟನೋ ಆ ಅಂಗಡಿ ಹೋಯಿತು. ಯಾವ ತೆರಿಗೆ ಬರುತ್ತದೆ ಅಂತ ಕೊಟ್ಟನೋ ಆ ತೆರಿಗೆಯೂ ಹೋಯಿತು. ಕೊಟ್ಟದ್ದು ಮಾತ್ರ ಕೊಟ್ಟ ಹಾಗೆಯೇ ನಿಂತಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ, ನಮ್ಮದು ಅದೇ.

ನಾನು ಸುಮ್ಮನಿರಲಿಲ್ಲ. ನನಗೆ ಯೆರವಡಾದಲ್ಲಿ ಒಂದು ಖೋಲಿ, ಒಂದು ಅಡುಗೆಮನೆಯ ಸಂಸಾರ. ಅತ್ತೆ ಮಾವ, ಎರಡು ಮಕ್ಕಳು, ಕುರಕುಂಭದ ಕೆಮಿಕಲ್ ಕಾರ್ಖಾನೆಗೆ ಹೋಗಿ ಬರುವ ಗಂಡ. ನಾಳೆ ಅಕ್ಕನನ್ನು ಎಲ್ಲಿ ಮಲಗಿಸಲಿ ಅನ್ನುವ ಚಿಂತೆ ನನಗೇ ಗೊತ್ತು. ವಕೀಲ ಕಾಕಾನ ಹತ್ತಿರ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು. ಆ ತೆರಿಗೆ ಇದ್ದ ಕಾಲದಲ್ಲೂ ಉಯಿಲಿನಲ್ಲಿ ಬರೆದಿಟ್ಟರೆ ಅಪ್ಪ ಅಂದುಕೊಂಡ ಹಾಗೆ ರಿಯಾಯಿತಿ ಸಿಗುತ್ತಿರಲಿಲ್ಲವಂತೆ. ಬದುಕಿದ್ದಾಗಲೇ ಧರ್ಮಕ್ಕೆ ಕೊಟ್ಟುಬಿಟ್ಟು, ಕೊಟ್ಟ ಮೇಲೆ ಕೆಲವು ತಿಂಗಳಾದರೂ ಜೀವ ಹಿಡಿದಿರಬೇಕಿತ್ತಂತೆ. ಉಯಿಲು ಬರೆದುಕೊಟ್ಟವರು ಬೇರೆ ವಕೀಲರು, ನನ್ನನ್ನು ಕೇಳಲಿಲ್ಲ ಅಂದರು ಕಾಕಾ. ಅಂದರೆ ಅದು ಚಹಾದಂಗಡಿಯ ಕಾನೂನು! ಅದಕ್ಕೆ ನಮ್ಮ ಮನೆ!

ಆ ಸಿಟ್ಟಿನಲ್ಲೇ ಮನೆಗೆ ಹೋದೆ. ಅಪ್ಪ ಕಿಟಕಿ ಹತ್ತಿರ ಕುರ್ಚಿಯಲ್ಲಿ ಕೂತಿದ್ದ.

“ಅಪ್ಪಾ, ಇಲಿ ಬಂತಂತ ಮನಿಗೆ ಬೆಂಕಿ ಹಚ್ಚಿದಿ ನೀ. ಈಗ ಇಲೀನೂ ಇಲ್ಲ. ಉಯಿಲು ಹರಿ. ಅಕ್ಕ ಎಲ್ಲಿಗೆ ಹೋಗ್ಬೇಕು ಹೇಳು.”

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕಣ್ಣಲ್ಲಿ ನೀರಿತ್ತು. ಅಪ್ಪ ಅತ್ತದ್ದನ್ನು ನಾನು ಅವ್ವನ ಹೆಣದ ಮುಂದೆಯೂ ನೋಡಿರಲಿಲ್ಲ.

“ಹರದ್ರ ನಿಮ್ಮ ಅವ್ವನ ಹೆಸರು ಹರದಂಗ ಯವ್ವಾ,” ಅಂದ. “ಹರೀಲಿಕ್ಕೆ ಬರಂಗಿಲ್ಲ. ಆದ್ರ ಅವಳಿಗೆ ಒಂದು ಹಾದಿ ಮಾಡ್ತೀನಿ.”

ಹಾದಿ ಏನೆಂದರೆ, ಮನೆ ಟ್ರಸ್ಟಿಗೇ ಹೋಗಲಿ, ಆದರೆ ಅಕ್ಕ ಬದುಕಿರುವ ತನಕ ಹಿಂದಿನ ಖೋಲಿ, ಅಡುಗೆಮನೆ ಮತ್ತು ಹಿತ್ತಲು ಅವಳಿಗೆ ಬಿಟ್ಟುಕೊಡಬೇಕು. ವಿದ್ಯಾರ್ಥಿ ನಿಲಯಕ್ಕೆ ಅವಳೇ ಅಡುಗೆ ಮಾಡಿ ಹಾಕಿದರೂ ಆಯಿತು. ಉಯಿಲಿಗೇ ಸೇರಿಸಿಬಿಡು ಅಂದರೆ, ಧಾರೆ ತಗೊಂಡವರನ್ನು ಕೇಳದೆ ಸೇರಿಸಬಾರದು ಅಂದ. ನನಗೆ ಸಮಾಧಾನವಾಯಿತು. ನಾನು ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಟೈಪಿಸ್ಟ್. ಮರುದಿನವೇ ಈ ಕರಾರನ್ನು ಮರಾಠಿಯಲ್ಲಿ ಚೆನ್ನಾಗಿ ಟೈಪು ಮಾಡಿ, ಅಧ್ಯಕ್ಷರ ಸಹಿಗೆ ಜಾಗ ಬಿಟ್ಟು, ಅಪ್ಪನ ಅಂಗಿಯ ಜೇಬಿಗೆ ನಾನೇ ಇಟ್ಟೆ.

ಇಬ್ಬರೂ ರಿಕ್ಷಾ ಮಾಡಿಕೊಂಡು ಅಧ್ಯಕ್ಷರ ಬೆಲ್ಲದ ಅಂಗಡಿಗೆ ಹೋದೆವು. ಅವರು ಅಪ್ಪನ ವಾರಿಗೆಯವರು, ಧಾರೆಯ ನೀರು ಹಿಡಿದವರೂ ಅವರೇ. ಅಪ್ಪನನ್ನು ಕೈಹಿಡಿದು ಗಾದಿಯ ಮೇಲೆ ಕೂರಿಸಿಕೊಂಡರು. ಅಪ್ಪ ತಡೆತಡೆದು ಎಲ್ಲ ಹೇಳಿದ. ಅವರು ಪೂರ್ತಿ ಕೇಳಿದರು.

“ಏನ್ ಸಾವ್ಕಾರ್ರ, ಇದನ್ನ ಕೇಳಾಕ ನೀವು ಈ ಮೈ ಹೊತಗೊಂಡು ಬರಬೇಕಾತೇನ್ರಿ? ನಿಮ್ಮ ಮಗಳು ನನ್ನ ಮಗಳಲ್ಲೇನು? ಇರೋತನಕ ಇರ್ಲಿ. ಯಾರು ಏನಂತಾರ ನೋಡೂಣು.”

ಹೀಗಂದವರೇ ಹೆಗಲ ಮೇಲಿನ ಟವೆಲು ತೆಗೆದು ಅಪ್ಪನ ಬಲಗೈ ಮೇಲೆ ಹಾಕಿ ಅದರಡಿ ತಮ್ಮ ಕೈ ಇಟ್ಟರು. ಮೆಣಸಿನಕಾಯಿ ಬೆಲ್ಲದ ವ್ಯಾಪಾರ ಕುದುರುವುದೇ ಹಾಗೆ. ನಾಲ್ಕು ಜನರೆದುರು ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ, ಬಟ್ಟೆಯಡಿ ಬೆರಳು ಒತ್ತಿ ಹೇಳುತ್ತಾರೆ. ಒತ್ತಿದ ಮೇಲೆ ಮಾಲಿನ ದರ ಬಿದ್ದುಹೋಗಲಿ, ಅಂಗಡಿಯೇ ಮುಳುಗಲಿ, ಆಡಿದ್ದು ಆಡಿದ್ದೇ. ಅಪ್ಪ ತನ್ನ ಇಡೀ ಬದುಕನ್ನು ಆ ಟವೆಲಿನ ಅಡಿ ಮಾಡಿದವನು.

ನಾನು ಕಣ್ಸನ್ನೆ ಮಾಡಿದೆ. ಜೇಬು ತೋರಿಸಿದೆ. ಕೆಮ್ಮಿದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಡೆಗೆ ನಾನೇ ಬಾಯಿ ಹಾಕಿದೆ: “ಯಜಮಾನ್ರ, ಒಂದು ಕಾಗದ ಮಾಡಿಕೊಂಡು ಬಂದೀವಿ...”

“ಸುಮ್ನಿರು!” ಅಂತ ಅಪ್ಪ ಗದರಿದ. ಲಕ್ವಾ ಹೊಡೆದ ಮೇಲೆ ಅವನ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೊಂದೇ.

ರಿಕ್ಷಾದಲ್ಲಿ ನಾನು ಕುದಿಯುತ್ತಿದ್ದೆ. ಮನೆ ಕೊಡುವುದಕ್ಕೆ ರಿಜಿಸ್ಟರ್ ಮಾಡಿದ ಕಾಗದ ಬೇಕು, ಮಗಳಿಗೆ ಒಂದು ಖೋಲಿ ಉಳಿಸುವುದಕ್ಕೆ ಕಾಗದ ಬೇಡವಾ? ಅಪ್ಪನಿಗೆ ಅದು ಅರ್ಥವೇ ಆಗಲಿಲ್ಲ. “ಕೈ ಕೊಟ್ಟ ಮ್ಯಾಲೆ ಕಾಗದ ಮುಂದ ಹಿಡದ್ರ, ನೀ ಕಳ್ಳ ಅಂತ ಅಂದಂಗ ಯವ್ವಾ. ಅವ ಗಟ್ಟ್ಯಾಗಿ ಒತ್ತಿದಾನ,” ಅಂದ.

“ಯಾವ ಕೈ ಒತ್ತಿದಾನಪಾ? ಆ ಕೈಗೆ ಏನರ ತಿಳೀತದೇನು?”

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಆ ಕೈಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಅಪ್ಪ ತೊಂಬತ್ತಾರರ ಚಳಿಗಾಲದಲ್ಲಿ ತೀರಿಕೊಂಡ. ಯಾವ ತೆರಿಗೆಯವರೂ ಬರಲಿಲ್ಲ. ತಿಥಿ ಊಟದ ದಿನ ನಾನು ಹುಚ್ಚಿಯ ಹಾಗೆ ಬಾಗಿಲ ಕಡೆ ನೋಡುತ್ತಿದ್ದೆ, ಒಬ್ಬನಾದರೂ ಬರಲಿ, ಪಾಟಲಿ ಯಾರವು ಅಂತ ಕೇಳಲಿ, ಅಪ್ಪ ಹೆದರಿದ್ದಕ್ಕೆ ಒಂದು ಅರ್ಥವಾದರೂ ಇರಲಿ ಅಂತ. ಬಂದವರು ಟ್ರಸ್ಟಿನವರು. ಹಾರ ತಂದಿದ್ದರು, ನಾಲ್ಕು ಒಳ್ಳೆಯ ಮಾತಾಡಿದರು, ಹೋಗುವಾಗ ಉಯಿಲಿನ ಪ್ರತಿ ಕೇಳಿದರು.

ಹಳೆಯ ಅಧ್ಯಕ್ಷರು ಕೊಟ್ಟ ಮಾತು ನಡೆಸಿದರು, ಅದನ್ನು ಹೇಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಮುಂದಿನ ಖೋಲಿಗಳಿಗೆ ಟ್ರಸ್ಟಿನ ಬೀಗ ಬಿತ್ತು, ಹಿಂದೆ ಅಕ್ಕನ ಒಲೆ ಉರಿಯುತ್ತಲೇ ಇತ್ತು. ತಿಂಗಳಿಗೊಮ್ಮೆ ಅವರು ಬಂದು, “ಏನ್ ಯವ್ವಾ, ಆರಾಮ ಅದೀ?” ಅಂತ ಕೇಳಿ, ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಪ್ಪನ ಮೇಲಿನ ನನ್ನ ಸಿಟ್ಟು ಆ ವರ್ಷಗಳಲ್ಲಿ ಸ್ವಲ್ಪ ತಣ್ಣಗಾಗಿತ್ತು. ಅಪ್ಪನಿಗೆ ಜನ ಗೊತ್ತಿತ್ತು, ನನಗೆ ಕಾಗದ ಮಾತ್ರ ಗೊತ್ತು ಅಂತ ಅಂದುಕೊಂಡದ್ದೂ ಉಂಟು. ಆದರೆ ಆ ಮುದುಕರು ಎಷ್ಟು ದಿನ ಇದ್ದಾರು? ಎರಡು ಸಾವಿರದ ಇಸವಿಯಲ್ಲಿ ಅವರೂ ಹೋದರು. ಟವೆಲಿನ ಅಡಿಯ ಮಾತು ಅವರ ಜೊತೆಗೇ ಹೋಯಿತು.

ಹೊಸ ಕಮಿಟಿ ಬಂತು. ಓದಿದವರು, ಪ್ಯಾಂಟಿನವರು, ಬಹಳ ನಯ. ಹೊಸ ಅಧ್ಯಕ್ಷರು ನಮ್ಮನ್ನು ಕಚೇರಿಗೆ ಕರೆದು, ಕುರ್ಚಿ ಹಾಕಿ, ಚಹಾ ತರಿಸಿದರು. ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಕಟ್ಟುತ್ತೇವೆ, ನಿಮ್ಮ ತಾಯಿಯವರ ಹೆಸರು ದೊಡ್ಡದಾಗಿ ಬರುತ್ತದೆ ಅಂದರು. ನಾನು ಹಿಂದಿನ ಖೋಲಿಯ ಮಾತು ಎತ್ತಿದೆ. ಅವರು ಫೈಲು ತಿರುವಿದರು. ನಿಜಕ್ಕೂ ಒಂದೊಂದೇ ಹಾಳೆ ತಿರುವಿದರು, ನಾಟಕ ಮಾಡಲಿಲ್ಲ.

“ಇದ್ರಾಗ ಏನೂ ಇಲ್ರೀ ಅಕ್ಕಾರ. ಇದ್ದಿದ್ರ ನಾವೇನು ಇಲ್ಲ ಅಂತಿದ್ವೇನು? ಮತ್ತ ಇದು ಗಂಡುಹುಡುಗರ ಹಾಸ್ಟೆಲ್. ಒಳಗ ಹೆಣ್ಣುಮಕ್ಕಳು ಇರಬಾರ್ದು ಅಂತ ನಿಯಮ ಮಾಡೀವಿ. ನಾಳೆ ಏನರ ಆದ್ರ ನಮ್ಮ ಮ್ಯಾಲೆ ಬರ್ತದ.”

“ನಿಮ್ಮ ಹಿಂದಿನ ಅಧ್ಯಕ್ಷರು ನನ್ನ ಕಣ್ಣ ಮುಂದ ಕೈ ಕೊಟ್ಟಾರ.”

“ಹೌದ್ರಿ, ಕೊಟ್ಟಿರಬೇಕು. ದೊಡ್ಡ ಮನುಷ್ಯರು ಅವ್ರು. ಆದ್ರ ಕಮಿಟಿಗೆ ಬರವಣಿಗಿ ಬೇಕಲ್ರಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಚಹಾ ಕೊಟ್ಟು ಇಲ್ಲ ಅಂದ. ಶಿವಾಜಿನಗರದ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕಂಡೆ. ಅವರ ಪ್ರಶ್ನೆಯೂ ಅದೇ, ಬರವಣಿಗೆ ಎಲ್ಲಿ? ನಾನು ಟೈಪು ಮಾಡಿದ ಕಾಗದ ತೋರಿಸಿದೆ. ಅಪ್ಪನ ಅಂಗಿಯ ಜೇಬಿನಲ್ಲೇ ಉಳಿದಿತ್ತು, ಒಗೆಯುವಾಗ ಅಕ್ಕ ತೆಗೆದಿಟ್ಟಿದ್ದಳು. ಅಧ್ಯಕ್ಷರ ಸಹಿಯ ಜಾಗ ಖಾಲಿ. ವಕೀಲರು ಅದನ್ನು ಎರಡು ಬೆರಳಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟರು. ಬೇಡದ ಮಾತನ್ನು ಅಪ್ಪ ಬರೆಸಿಟ್ಟ, ಬೇಕಾದ ಮಾತನ್ನು ಗಾಳಿಗೆ ಬಿಟ್ಟ. ನಾನು ಅಲ್ಲೇ ಕೋರ್ಟಿನ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಹಾದಿಹೋಕರು ನೋಡುತ್ತಿದ್ದರು. ನೋಡಲಿ.

ಅಕ್ಕ ಬೈಯಲಿಲ್ಲ. ಅದೇ ನನಗೆ ತಡೆಯಲಾಗದ್ದು. “ಅಪ್ಪ ಕೊಟ್ಟದ್ದು. ನಾ ಹೆಂಗ ಬ್ಯಾಡ ಅನ್ನಲಿ?” ಅಂತ ಅಂದು, ಒಲೆಯ ಬೂದಿ ತೆಗೆದು, ಹಿತ್ತಲು ಸಾರಿಸಿ ಬಂದಳು. ಕೆಡವುವ ಮನೆಯ ಹಿತ್ತಲನ್ನು ಸಾರಿಸಿದಳು. ಯಾಕೆ ಅಂತ ಕೇಳಿದರೆ, “ಹೊಲಸು ಬಿಟ್ಟು ಹೋದ್ಲು ಅನಬಾರ್ದು,” ಅಂದಳು.

ಯೆರವಡಾದ ನಮ್ಮ ಮನೆಯಲ್ಲಿ ಅವಳಿಗೆ ಬಾಗಿಲ ಹತ್ತಿರದ ಜಾಗ. ಗ್ಯಾಸಿನ ಮೇಲೆ ರೊಟ್ಟಿ ಮಾಡಿ ನೋಡಿದಳು, ಖಡಕ್ ಆಗಲಿಲ್ಲ. ಕಟ್ಟಿಗೆಯ ಒಲೆ ಹಾಕಲು ಜಾಗವಿಲ್ಲ. ಬಡಿದರೆ ಕೆಳಗಿನ ಮನೆಯವರು ಬಂದು ಮರಾಠಿಯಲ್ಲಿ ಜಗಳ ತೆಗೆಯುತ್ತಿದ್ದರು. ನನ್ನ ಅತ್ತೆ ಒಂದು ಮಾತೂ ಆಡಲಿಲ್ಲ, ಆದರೆ ಆಡದೆ ಇರುವುದನ್ನೂ ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳೇ ನಮ್ಮ ಮನೆ ಹಿಂದಿನ ಗುಡಿಸಲು ವಸ್ತಿಯಲ್ಲಿ ಒಂದು ತಗಡಿನ ಖೋಲಿ ಬಾಡಿಗೆಗೆ ಹಿಡಿದಳು. ಬೇಸಿಗೆಯಲ್ಲಿ ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಹಳೆಯ ಗಿರಾಕಿಗಳು ಅಷ್ಟು ದೂರ ಬರಲಿಲ್ಲ. ನಾನು ಕಚೇರಿಯಿಂದ ಬರುವಾಗ ದಿನಾ ಹೋಗಿ ಕೂರುತ್ತಿದ್ದೆ. ಅವಳು ಒಲೆಯ ಮುಂದೆ ಸಾಯುವ ಮಾತನ್ನು ಮತ್ತೆ ಆಡಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ವಿದ್ಯಾರ್ಥಿ ನಿಲಯ ಎದ್ದು ನಿಂತಿತು. ಜೂನಿನಲ್ಲೇ ಹುಡುಗರು ಸೇರಿದ್ದರು, ಉದ್ಘಾಟನೆಯ ಸಮಾರಂಭ ದಸರೆಯ ಹೊತ್ತಿಗೆ. ಆಮಂತ್ರಣ ಬಂತು, ಅದರ ಮೇಲೆ ‘ಮಹಾದಾನಿ’ ಅಂತ ಅಪ್ಪನ ಫೋಟೋ. ಹಿಂದೆಯೇ ಹೊಸ ಅಧ್ಯಕ್ಷರು ಅಕ್ಕನಿಗೆ ಹೇಳಿಕಳಿಸಿದರು: ಊಟಕ್ಕೆ ಖಡಕ್ ರೊಟ್ಟಿ ನಿಮ್ಮವೇ ಆಗಬೇಕು, ಬೇರೆಯವರ ರೊಟ್ಟಿಗೆ ಆ ರುಚಿ ಇಲ್ಲ.

“ನೀ ಮಾಡಿದ್ರ ನನ್ನ ಮಾರಿ ನೋಡಬ್ಯಾಡ,” ಅಂದೆ ನಾನು. “ಮನಿ ಕಸಗೊಂಡ್ರು, ಈಗ ರೊಟ್ಟಿನೂ ಬೇಕಂತ. ನಾಚಿಕಿ ಇಲ್ದವ್ರು!”

“ಅವ್ವನ ಹೆಸರಿನ ಊಟ ಅದು. ಕಲಿಯೋ ಹುಡುಗ್ರು ಉಣ್ಣತಾವ. ನೀ ಬೇಕಾದ್ರ ಹಿಟ್ಟು ನಾದಿ ಕೊಡು, ಇಲ್ಲಂದ್ರ ಬಿಡು.”

ನಾದಿಕೊಟ್ಟೆ. ಇನ್ನೇನು ಮಾಡಲಿ. ಆ ತಗಡಿನ ಕೆಳಗೆ ಹೊಗೆಯಲ್ಲಿ ಕೂತು ಅವಳು ಬಡಿದಳು, ನಾನು ಬೇಯಿಸಿದೆ. ಹಳೆಯ ಸೀರೆ ಹಾಸಿ ಒಣಗಿಸಿದೆವು. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಬಿಳಿ ಧೋತರದಲ್ಲಿ ದೊಡ್ಡ ಗಂಟು ಕಟ್ಟಿ, ಒಂದೂ ಮುರಿಯದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಭವಾನಿ ಪೇಠಕ್ಕೆ ಹೋದೆವು.

ಓಣಿ ಗುರುತು ಸಿಗಲಿಲ್ಲ. ನಾಲ್ಕು ಮಹಡಿ, ಕಬ್ಬಿಣದ ಗೇಟು, ಮೇಲೆ ಕಮಾನಿನಲ್ಲಿ ಅವ್ವನ ಹೆಸರು. ಕನ್ನಡದಲ್ಲೂ ಮರಾಠಿಯಲ್ಲೂ ಇತ್ತು. ಅಕ್ಕ ತಲೆ ಎತ್ತಿ ಓದಿದಳು, ಗಂಟನ್ನು ನನ್ನ ಕೈಗೆ ಕೊಟ್ಟು ಕೈ ಮುಗಿದಳು. ಆಮೇಲೆ ಗಂಟು ವಾಪಸ್ ತಗೊಂಡು, ಹಳೆಯ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಡಲು ಹೋದಳು. ಅವಳಿಗೆ ಅಡುಗೆಮನೆ ಎಲ್ಲಿ ಅಂತ ಕೇಳಬೇಕು ಅಂತಲೂ ಅನಿಸಲಿಲ್ಲ.

ವಾಚ್‌ಮನ್ ಎದ್ದು ಅಡ್ಡ ನಿಂತ. “ಮಾವಶಿ, ಆತ ಜಾಯಚ ನಾಯ್,” ಅಂದ. ಒಳಗೆ ಹೆಂಗಸರು ಹೋಗುವ ಹಾಗಿಲ್ಲ, ಗಂಟು ಇಲ್ಲೇ ಕೊಡಿ, ಅಡುಗೆಯವರು ಬಂದು ಒಯ್ಯುತ್ತಾರೆ ಅಂದ.

ನನ್ನ ತಲೆ ಕೆಟ್ಟುಹೋಯಿತು. ಗೇಟು ಹಿಡಿದು ಅಲುಗಾಡಿಸಿದೆ. ಮೇಲೆ ನೋಡು, ಆ ಹೆಸರು ಯಾರದು ಗೊತ್ತಾ, ಇವಳು ಹುಟ್ಟಿದ ಮನೆ ಇದು, ನಿನ್ನ ಅಧ್ಯಕ್ಷನನ್ನು ಕರೆ ಅಂತ ಮರಾಠಿಯಲ್ಲಿ ಕಿರುಚಿದೆ. ಮೇಲಿನ ಕಿಟಕಿಗಳಲ್ಲಿ ತಲೆಗಳು ಕಂಡವು. ವಾಚ್‌ಮನ್ ಪಾಪದವನು, ಸಾತಾರಾ ಕಡೆಯವನಿರಬೇಕು, ಕೈ ಜೋಡಿಸಿ, ನಿಯಮ ಇದೆ ತಾಯಿ, ನನ್ನ ಕೆಲಸ ಹೋಗುತ್ತದೆ ಅಂದ.

ಅಕ್ಕ ನನ್ನ ಕೈ ಗೇಟಿನಿಂದ ಬಿಡಿಸಿದಳು. “ಬಿಡು ತಂಗಿ. ಅವ್ವ ಎದ್ದು ಬಂದ್ರೂ ಇವ ಇಲ್ಲೇ ನಿಲ್ಲಸ್ತಾನ.” ಹೇಳಿ ಗಂಟನ್ನು ಅವನ ಕುರ್ಚಿಯ ಮೇಲೆ ಇಟ್ಟಳು. ಅಡುಗೆಯವನು ಬಂದು ರೊಟ್ಟಿಯನ್ನು ಬುಟ್ಟಿಗೆ ಹಾಕಿಕೊಂಡು ಧೋತರ ವಾಪಸ್ ಕೊಟ್ಟ. ಅವಳು ಅದನ್ನು ಜಾಡಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು. ಅಪ್ಪನದೇ ಧೋತರ ಅದು.

ಮರುದಿನದ ಸಮಾರಂಭಕ್ಕೆ ನಾವು ಹೋಗಲಿಲ್ಲ. ರೊಟ್ಟಿ ಕೊಟ್ಟು ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಅಕ್ಕ ಕಿಟಕಿ ಹತ್ತಿರ ಕೂತಳು. ಬಸ್ಸು ಹೊರಟ ಮೇಲೆ ಅವಳು, ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದವಳಂತೆ ನನ್ನ ಕಡೆ ತಿರುಗಿದಳು.

“ತಂಗಿ, ನೀ ಕಚೇರಿಯಾಗ ಕೆಲಸ ಮಾಡಾಕಿ, ನಿನಗ ತಿಳೀತದ. ಆ ಹೆಣದ ಪಟ್ಟಿ ಇತ್ತಲ್ಲ, ಅದು ಇದ್ದಿದ್ರೂ ಪೂರಾ ಮನಿ ಒಯ್ತಿದ್ರೇನು?”

“ಇಲ್ಲಕ್ಕಾ. ಒಂದು ಪಾಲು ಒಯ್ತಿದ್ರು.”

ಅವಳು ಧೋತರವನ್ನು ತೊಡೆಯ ಮೇಲೆ ಹಾಸಿ ಇನ್ನೊಮ್ಮೆ ಮಡಚಿದಳು.

“ಹಂಗಾದ್ರ ಹಿಂದಿನ ಖೋಲಿ ಉಳೀತಿತ್ತು,” ಅಂದಳು. ಕಂಡಕ್ಟರ್ ಬಂದ, ಯೆರವಡಾ ಎರಡು ಅಂತ ಟಿಕೇಟು ತಗೊಂಡಳು.